ಮೀನಿನ ನೀರಿಗೆ ಕಾವಲು

ಹೆಡ್‌ಮಾಸ್ಟರ್ ಹನುಮಂತರಾಯಪ್ಪನವರು ಕಾಶಿಗೆ ಹೊರಡುವಾಗ ತಮ್ಮ ಎರಡು ಬಂಗಾರದ ಬಣ್ಣದ ಮೀನುಗಳನ್ನು ಗಾಜಿನ ತೊಟ್ಟಿಯ ಸಮೇತ ಸುಬ್ಬರಾಮ ಮೇಷ್ಟ್ರ ಮನೆಯಲ್ಲಿ ಬಿಟ್ಟರು. "ಮಕ್ಕಳಿಲ್ಲದ ನಮಗೆ ಇವೇ ಮಕ್ಕಳು" ಎನ್ನುವಾಗ ಅವರ ಕಣ್ಣು ಒದ್ದೆಯಾಗಿತ್ತು.

"ಹತ್ತು ದಿನ ಆರಾಮಾಗಿ ಹೋಗಿಬನ್ನಿ ಸಾರ್. ಬಂದ್ಮೇಲೆ ಇವು ನಿಮ್ಮ ಮೀನೇನಾ ಅಂತ ನೀವೇ ಅನುಮಾನ ಪಡಬೇಕು, ಹಾಗೆ ಸಾಕ್ತೀನಿ. ಹೊಸೂರಲ್ಲಿ ಕೆಮಿಸ್ಟ್ರಿ ತಿಳಿದೋನು ನಾನೊಬ್ಬನೇ" ಎಂದು ಮೇಷ್ಟ್ರು ಎದೆ ತಟ್ಟಿ ಹೇಳಿದರು.

ಅವರ ಮೊದಲ ಅನುಮಾನ ಸ್ವಂತ ಬಾವಿಯ ಮೇಲೆ. ಅದರ ನೀರು ಕಾಯಿಸಿದ ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತಿತ್ತು. ಇಂಥ ಸುಣ್ಣದ ನೀರಿಗೆ ಪರರ ಮಕ್ಕಳನ್ನು ಇಳಿಸುವುದೇ? ಮೇಷ್ಟ್ರು ಸೈಕಲ್ ಹತ್ತಿ ಜೂಜುವಾಡಿಯ ಕೊಂಡಪ್ಪನ ಬ್ಯಾಟರಿ ಅಂಗಡಿಗೆ ಹೋದರು.

"ಎರಡು ಕ್ಯಾನ್ ಡಿಸ್ಟಿಲ್ಡ್ ವಾಟರ್ ಕೊಡಪ್ಪ, ಉಪ್ಪು ಸುಣ್ಣ ಏನೂ ಇಲ್ಲದ್ದು."

"ಲಾರಿ ಎಲ್ಲೈತೆ ಸಾ?"

"ಮೀನಿಗೆ ಕಣಯ್ಯ."

ಕೊಂಡಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿದ. "ಇಪ್ಪತ್ತು ವರ್ಸದಿಂದ ಇದೇ ಯಾಪಾರ ಮಾಡ್ತಾ ಇವ್ನಿ. ಮೀನು ಸ್ಟಾರ್ಟ್ ಆಗಿದ್ದು ನೋಡಿಲ್ಲ ಬುಡಿ."

ಆ ನೀರಿಗೆ ಬಿಟ್ಟೊಡನೆ ಮೀನುಗಳು ಸ್ಟಾರ್ಟ್ ಆದವು. ಐದು ದಿನ ತೊಟ್ಟಿಯ ತುಂಬ ಓಡಾಡಿದವು. ಆರನೆಯ ದಿನ ಗಾಜಿನ ಅಂಚಿನಲ್ಲಿ ಹಂಡೆಯಲ್ಲಿದ್ದಂಥದೇ ಬಿಳಿ ಗೆರೆ ಕಂಡಿತು. ಮೇಷ್ಟ್ರು ಬೆರಳು ಅದ್ದಿ ನಾಲಿಗೆಗೆ ಹಚ್ಚಿದರು. ಉಪ್ಪು! ಮನೆಯಲ್ಲಿರುವುದು ಇಬ್ಬರೇ. ತಾವು ನಿರಪರಾಧಿ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ.

"ಅಲಮೇಲು, ಈ ನೀರಿಗೆ ಯಾರೋ ಏನೋ ಬೆರೆಸಿದಾರೆ."

"ಹೌದಾ? ನಾನು ಹೇಳೋದು ಸ್ವಲ್ಪ ಕೇಳ್ರೀ..." ಎಂದು ಹೆಂಡತಿ ಹುರುಳಿಕಾಯಿ ಕೆಳಗಿಟ್ಟರು.

"ನಿನಗೆ ಸೈನ್ಸ್ ತಿಳಿಯಲ್ಲ, ಸುಮ್ನಿರು."

ಮೇಷ್ಟ್ರು ಹೊಸ ಬ್ಯಾಟರಿ ನೀರು ತುಂಬಿ, ಕೋಣೆಗೆ ಬೀಗ ಜಡಿದು, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಸ್ನಾನಕ್ಕೂ ಅದರ ಜೊತೆಯೇ ಹೋದರು.

ಎಂಟನೆಯ ದಿನ ಬಾಗಿಲು ತೆರೆದರೆ ಮೀನುಗಳೆರಡೂ ತಳದಲ್ಲಿ ಓರೆಯಾಗಿ ಮಲಗಿದ್ದವು. ಹೆಡ್‌ಮಾಸ್ಟರ ಒದ್ದೆ ಕಣ್ಣು ನೆನಪಾಗಿ ಮೇಷ್ಟ್ರು ಅಡುಗೆಮನೆಗೆ ಓಡಿದರು. "ಏನು ಹಾಕ್ತಿದ್ದೆಯೋ ಅದನ್ನೇ ಹಾಕು ಮಾರಾಯ್ತಿ, ನಿನ್ನ ದಮ್ಮಯ್ಯ."

ಅಲಮೇಲು ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಚೆಲ್ಲಿ ಬಾವಿ ನೀರು ಬೆರೆಸಿದರು. ಒಂದು ಚಿಟಿಕೆ ಕಲ್ಲುಪ್ಪು ಕರಗಿಸಿ ಬಿಟ್ಟರು. "ಹೋದ ವರ್ಷ ನಿಮಗೆ ಭೇದಿಯಾಗಿ ಮಲಗಿದ್ರಲ್ಲ, ಆಗ ಡಾಕ್ಟರು ಏನು ಕುಡಿಸಿದ್ರು? ಉಪ್ಪು, ಸಕ್ಕರೆ ನೀರು ತಾನೆ? ಮೈಯಲ್ಲಿ ಉಪ್ಪಿಲ್ಲದಿದ್ರೆ ಮೇಷ್ಟ್ರೂ ಏಳಲ್ಲ, ಮೀನೂ ಏಳಲ್ಲ."

ಮರುದಿನ ಸಂಜೆ ಮೀನುಗಳು ಎದ್ದವು. ಅದರ ಮಾರನೆಯ ದಿನ ಹೆಡ್‌ಮಾಸ್ಟರು ಬಂದು ಹಿರಿಹಿರಿ ಹಿಗ್ಗಿದರು. "ಏನು ಮೋಡಿ ಮಾಡಿದ್ರಿ ಮೇಷ್ಟ್ರೇ?"

ಮೇಷ್ಟ್ರು ಮೆಲ್ಲಗೆ ಅಡುಗೆಮನೆಯ ಕಡೆ ನೋಡಿದರು. ಬಾಗಿಲಲ್ಲಿ ಯಾರೂ ಇರಲಿಲ್ಲ. "ಅದೆಲ್ಲ ಕೆಮಿಸ್ಟ್ರಿ ಸಾರ್" ಎಂದರು.

ಮಧ್ಯಾಹ್ನ ಊಟಕ್ಕೆ ಕುಳಿತರೆ ಸಾರು ಸಪ್ಪೆ, ಪಲ್ಯ ಸಪ್ಪೆ. ಉಪ್ಪಿನ ಡಬ್ಬಿಗೆ ಕೈ ಚಾಚಿದರು. ಡಬ್ಬಿಗೆ ಪುಟ್ಟದೊಂದು ಬೀಗ! ಅದರ ಬೀಗದ ಕೈ ಅಲಮೇಲುವಿನ ತಾಳಿಯಲ್ಲಿ ತೂಗುತ್ತಿತ್ತು.

"ಏನೇ ಇದು?"

"ಯಾರಾದ್ರೂ ಏನಾದ್ರೂ ಬೆರೆಸಿಬಿಟ್ಟಾರು ಅಂತ ಅನುಮಾನ ಕಣ್ರೀ" ಎಂದು ಅಲಮೇಲು ಇನ್ನೊಂದು ಸೌಟು ಸಾರು ಬಡಿಸಿದರು. "ಊಟ ಮಾಡಿ. ಅಪ್ಪಟ ಕೆಮಿಸ್ಟ್ರಿ."