ಐದೇ ನಿಮಿಷ ಕೂತ್ಕೊಳ್ಳಿ

ನಮ್ಮ ಕಸುಬಿನಲ್ಲಿ ಕತ್ತರಿಗಿಂತ ಹೆಚ್ಚು ಸವೆಯುವುದು ಒಂದು ಮಾತು: ‘ಐದೇ ನಿಮಿಷ ಕೂತ್ಕೊಳ್ಳಿ.’ ಕಟಿಂಗ್ ಶಾಪಿನ ಬಾಗಿಲಲ್ಲಿ ಯಾರ ತಲೆ ಕಂಡರೂ ಅದು ನನ್ನ ಬಾಯಿಂದ ತಾನಾಗಿ ಹೊರಬೀಳುತ್ತದೆ. ಐದು ನಿಮಿಷವೆಂದರೆ, ಕುರ್ಚಿಯಲ್ಲಿ ಕೂತವರ ಮೀಸೆಯ ಎರಡು ತುದಿಗಳು ರಾಜಿಯಾಗಿ, ನಾನು ಎದುರಂಗಡಿಯಲ್ಲಿ ಟೀ ಕುಡಿದು, ಬರುವಾಗ ಯಾರೊಂದಿಗಾದರೂ ಒಂದಿಷ್ಟು ಮಾತಾಡಿ ಬರುವಷ್ಟು ಹೊತ್ತು. ಗಿರಾಕಿಗಳಿಗೂ ಇದು ಗೊತ್ತು, ಆದರೂ ಪಾಪ ಕೂರುತ್ತಾರೆ. ಅವತ್ತೇ ಮದುವೆಯಿದ್ದ ಗಂಡನ್ನೂ ಕೂರಿಸಿದ್ದೇನೆ. ಅಲ್ಲಾಳಸಂದ್ರದಲ್ಲಿ ನಾನು ಕಾಯಿಸದ ತಲೆಯಿಲ್ಲ. ಒಬ್ಬನನ್ನು, ಅದೂ ಒಂದೇ ಒಂದು ಸಲ ಬಿಟ್ಟು. ಅವತ್ತು ಅವನನ್ನು ಕಾಯಿಸಬೇಕಾಗಿತ್ತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದಕ್ಕೆ ನಾಚಿಕೆಯೇನಿಲ್ಲ. ಅಂಗಡಿ ಬಾಡಿಗೆಯದಾದರೂ ಕುರ್ಚಿ ಸ್ವಂತದ್ದು, ಕೈ ಕೂಡ ಸ್ವಂತದ್ದು. ದೊಡ್ಡ ದೊಡ್ಡ ಓದು ಓದಿದವರೂ ನನ್ನ ಮುಂದೆ ಬಂದು ತಲೆ ತಗ್ಗಿಸಲೇಬೇಕು. ತಗ್ಗಿಸದಿದ್ದರೆ ಬೆರಳಿಂದ ಒತ್ತಿ ತಗ್ಗಿಸುತ್ತೇನೆ. ಅಂಗಡಿಯಲ್ಲಿ ನನ್ನದೊಂದು ಬೋರ್ಡೂ ಇತ್ತು: ‘ಇಲ್ಲಿ ರಾಜಕೀಯ ಮಾತನಾಡಬಾರದು.’ ಒಂದು ಎಲೆಕ್ಷನ್ನಿನ ಕಾಲದಲ್ಲಿ ಅರ್ಧ ಶೇವಿಂಗ್ ಆಗಿದ್ದ ಒಬ್ಬರು, ಬೆಂಚಿನ ಮೇಲಿದ್ದವರ ಜೊತೆ ವಾದಕ್ಕಿಳಿದು, ಒಂದು ಕೆನ್ನೆಯ ನೊರೆ ಸಮೇತ ಎದ್ದು ಹೋದರು. ಇನ್ನೊಂದು ಕೆನ್ನೆಯನ್ನು ಎಲ್ಲಿ ಮಾಡಿಸಿಕೊಂಡರೋ ಗೊತ್ತಿಲ್ಲ, ನನ್ನ ಟವೆಲ್ ಮಾತ್ರ ವಾಪಸ್ ಬರಲಿಲ್ಲ. ಮಾರನೇ ದಿನವೇ ಪೇಂಟರನ್ನು ಕರೆಸಿ ಬರೆಸಿದ ಬೋರ್ಡು ಅದು.

ಆ ಬೋರ್ಡಿನ ಕೆಳಗೇ ಪ್ರತಿ ಭಾನುವಾರ ಬಂದು ಕೂರುತ್ತಿದ್ದವರು ಸೀನ ಮತ್ತು ಪ್ರಭು. ಸೀನನಿಗೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ, ಪ್ರಭುವಿಗೆ ಮೆಡಿಕಲ್ ಸ್ಟೋರಿನಲ್ಲಿ. ಇಬ್ಬರೂ ‘ಕರೆಂಟ್ ಕಂಬ’ ಎಂಬ ಕನ್ನಡ ರಾಕ್ ಬ್ಯಾಂಡಿನ ಭಕ್ತರು. ಭಕ್ತರು ಅಂತ ಸುಮ್ಮನೆ ಹೇಳುತ್ತಿಲ್ಲ. ಆ ಬ್ಯಾಂಡಿನ ಮೊದಲ ಪ್ರೋಗ್ರಾಂ ನೋಡಿ ಬಂದ ದಿನದಿಂದ, ದೇವರಿಗೆ ಮುಡಿ ಬಿಟ್ಟ ಹಾಗೆ ಇಬ್ಬರೂ ಕೂದಲು ಬಿಟ್ಟಿದ್ದರು. ನನ್ನ ಅಂಗಡಿಯಲ್ಲಿ ಫ್ಯಾನಿತ್ತು, ಬೆಂಚಿತ್ತು, ಪೇಪರಿತ್ತು. ಬರುತ್ತಿದ್ದರು, ಗಂಟೆಗಟ್ಟಲೆ ಕೂರುತ್ತಿದ್ದರು, ಭುಜದ ಮೇಲೆ ಕೂದಲು ಆಡಿಸುತ್ತಾ ಹಾಗೇ ಎದ್ದು ಹೋಗುತ್ತಿದ್ದರು. ಅದರಲ್ಲೂ ಸೀನನ ಕೂದಲಿತ್ತಲ್ಲ, ದಪ್ಪ, ಕಪ್ಪು, ಬಾಚಣಿಗೆ ಕೂಡ ದಾರಿ ಕೇಳಿಕೊಂಡು ಹೋಗಬೇಕು. ಹಸಿದವನ ಮುಂದೆ ಬಾಳೆಲೆ ಹಾಸಿ, ಬಡಿಸಿ, ಮುಟ್ಟಬೇಡ ಅಂದ ಹಾಗಾಗುತ್ತಿತ್ತು ನನಗೆ.

ಬ್ಯಾಂಡಿನ ಹೊಸ ಆಲ್ಬಮ್ ಬಂತು. ಪ್ರಭು ಮೆಜೆಸ್ಟಿಕ್ಕಿಗೆ ಹೋಗಿ ಸೀಡಿ ಕೊಂಡು ತಂದ. ಅವನ ಮನೆಯ ಪ್ಲೇಯರ್ ಕೆಟ್ಟು ಯಾವ ಕಾಲವಾಗಿತ್ತೋ. ಸೀನ ಅಷ್ಟನ್ನೂ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಪುಕ್ಕಟೆ ಡೌನ್‌ಲೋಡ್ ಮಾಡಿ, ಬ್ಲೂಟೂತಿನಲ್ಲಿ ಪ್ರಭುವಿಗೂ ಕಳಿಸಿದ, ನನ್ನ ಫೋನಿಗೂ ತುಂಬಿಸಿದ. ಹಾಗಾಗಿ ಕಾಸು ಕೊಟ್ಟವನೂ ಕೇಳಿದ್ದು ಪುಕ್ಕಟೆ ಹಾಡನ್ನೇ. ಅಷ್ಟರಲ್ಲಿ ಆ ಬ್ಯಾಂಡಿನ ಹಾಡುಗಾರ, ಕಾರ್ಪೊರೇಷನ್ ಎಲೆಕ್ಷನ್ನಿಗೆ ನಿಂತ ಒಬ್ಬರ ವೇದಿಕೆ ಹತ್ತಿ ಹಾಡಿಬಿಟ್ಟ.

ಆ ಭಾನುವಾರ ಕುರ್ಚಿಯಲ್ಲಿ ಬಸ್ ಡ್ರೈವರ್ ಆಗಿ ರಿಟೈರ್ ಆದ ಕೃಷ್ಣಪ್ಪನವರಿದ್ದರು. ಹಿಂದೆ ಬೆಂಚಿನ ಮೇಲೆ ಇವರಿಬ್ಬರು. ಕಟಿಂಗ್ ಶಾಪಿನಲ್ಲಿ ಯಾರೂ ಮುಖ ನೋಡಿ ಜಗಳವಾಡುವುದಿಲ್ಲ, ಎಲ್ಲ ಕನ್ನಡಿಯಲ್ಲೇ.

“ಮೊದಲ್ನೇ ಆಲ್ಬಮ್ಮಲ್ಲಿ ಕೆರೆ ಸತ್ತೋಯ್ತು ಅಂತ ಅತ್ರು,” ಎಂದ ಸೀನ. “ಇದ್ರಲ್ಲಿ ಕೆರೆ ಸುತ್ತ ವಾಕಿಂಗ್ ಪಾತ್ ಬಂತು ಅಂತ ಕುಣೀತಾರೆ. ವಾಕಿಂಗ್ ಪಾತ್ ಬಗ್ಗೆ ಯಾವನ್ ಗುರು ರಾಕ್ ಹಾಡ್ತಾನೆ?”

“ಬಂದಿದೆ ತಾನೇ ಮಗಾ? ಬಂದಿರೋದನ್ನ ಹಾಡ್ಬಾರ್ದಾ?”

“ಪಾತ್ ಮಾಡ್ಸಿದ್ದು ಯಾರು? ಎಲೆಕ್ಷನ್‌ಗೆ ನಿಂತಿರೋನು. ಸ್ಟೇಜಲ್ಲಿ ಹಾಡಿದ್ದು ಯಾರು? ನಿನ್ ದೇವ್ರು.”

ನಾನು ಕತ್ತರಿಯಿಂದಲೇ ಬೋರ್ಡು ತೋರಿಸಿದೆ.

“ಅಣ್ಣಾ, ಇದು ಹಾಡಿನ್ ವಿಷ್ಯ,” ಎಂದರು ಇಬ್ಬರೂ ಒಟ್ಟಿಗೆ. ಅವರಿಬ್ಬರೂ ಒಪ್ಪಿದ ಕೊನೆಯ ಮಾತು ಅದು.

“ಹಾಡಾ? ನಮ್ಮನೆ ಮಿಕ್ಸಿ ಸದ್ದು ಅಂದ್ಕೊಂಡಿದ್ದೆ ಕಣಯ್ಯ,” ಎಂದರು ಕೃಷ್ಣಪ್ಪನವರು, ಬಗ್ಗಿಸಿದ ತಲೆ ಎತ್ತದೆ.

ಎಂದಿನಂತೆ ಅಲ್ಲಿಗೆ ನಗು ಬಂದು ಮುಗಿಯಬೇಕಿತ್ತು. ಆದರೆ ಪ್ರಭು, “ಕಾಸು ಕೊಡ್ದೆ ಕೇಳೋನಿಗೆ ಬೈಯೋ ಹಕ್ಕಿಲ್ಲ ಬಿಡು,” ಎಂದ.

“ಕಾಸು ಕೊಟ್ಟಿದ್ರೆ ಬೈಯ್ತಿರಲಿಲ್ಲ, ಅಳ್ತಿದ್ದೆ.”

“ಕದ್ದು ಕೇಳ್ತೀಯ. ಆಮೇಲೆ ಅವರು ತಮ್ಮನ್ನ ಮಾರ್ಕೊಂಡ್ರು ಅಂತೀಯ. ಅವರಾದ್ರೂ ಮಾರ್ಕೊಂಡ್ರು ಕಣೋ, ನೀನು ಕಳ್ಳ.”

ಕನ್ನಡಿಯಲ್ಲಿ ಸೀನನ ಮುಖ ಕೆಂಪಾಯಿತು. ಕೃಷ್ಣಪ್ಪನವರು ಎದ್ದು ಬಟ್ಟೆ ಕೊಡವಿಕೊಳ್ಳುತ್ತಿದ್ದಂತೆಯೇ ಅವನು ಬಂದು ಕುರ್ಚಿಯಲ್ಲಿ ಕೂತ. “ಅಣ್ಣಾ, ತೆಗೀರಿ. ಪೂರ್ತಿ ಗಿಡ್ಡ ಮಾಡಿ. ಅವರ ಹೆಸರಲ್ಲಿ ಬಿಟ್ಟಿದ್ದು, ಸಾಕು.”

ಈಗ ನೀವೇ ಹೇಳಿ. ಜೀವಮಾನವಿಡೀ ಎಲ್ಲರಿಗೂ ‘ಐದೇ ನಿಮಿಷ’ ಅಂದವನು, ಅವತ್ತು ಒಂದೇ ಒಂದು ಸಲ ಅಂದಿದ್ದರೆ? ಕುರ್ಚಿ ಒರೆಸಬೇಕು ಅನ್ನಬಹುದಿತ್ತು. ಟೀ ಕುಡಿದು ಬರ್ತೀನಿ ಅನ್ನಬಹುದಿತ್ತು. ಬೆಂಚಿಗೆ ವಾಪಸ್ ಕೂತಿದ್ದರೆ ಅವನ ಸಿಟ್ಟು ಇಳಿಯುತ್ತಿತ್ತು, ಪ್ರಭುವೇ ಏನಾದರೂ ಒಂದು ತಮಾಷೆ ಹೇಳುತ್ತಿದ್ದ. ನಾನು ಏನು ಮಾಡಿದೆ? ಮಾತು ಮುಗಿಯುವ ಮೊದಲೇ ಅವನ ಕುತ್ತಿಗೆಗೆ ಬಟ್ಟೆ ಸುತ್ತಿದ್ದೆ. ಹೊಸ ಬಟ್ಟೆ ಬೇರೆ, ಯುಗಾದಿಗೆ ಅಂತ ತೆಗೆದಿಟ್ಟದ್ದು. ಅಂಥ ಕಟಿಂಗ್ ನಾನು ಹಿಂದೆಯೂ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ. ಒಂದೊಂದು ಎಳೆ ಕೂದಲೂ ಹೇಳಿದ ಮಾತು ಕೇಳಿತು. ತಲೆಯೆತ್ತಿ ಕನ್ನಡಿಯಲ್ಲಿ ಶಹಭಾಸ್‌ಗಿರಿ ಹುಡುಕಿದರೆ, ಬೆಂಚು ಖಾಲಿ. ಪ್ರಭು ಯಾವಾಗ ಎದ್ದು ಹೋದನೋ. ಅವನು ತಂದಿದ್ದ ಸೀಡಿ ಮಾತ್ರ ಪೌಡರ್ ಡಬ್ಬದ ಪಕ್ಕದಲ್ಲಿತ್ತು. ಸೀನ ನೆಲದ ಮೇಲೆ ಬಿದ್ದದ್ದನ್ನು ನೋಡಿದ, ಆಮೇಲೆ ಕನ್ನಡಿ ನೋಡಿದ. “ಚೆನ್ನಾಗಿದೆ ಅಣ್ಣಾ,” ಎಂದ. ತೀರಿಕೊಂಡವರ ಮನೆಯಲ್ಲಿ ಕಾಫಿ ಚೆನ್ನಾಗಿದೆ ಅಂದ ಹಾಗಿತ್ತು.

ಪ್ರಭು ಮತ್ತೆ ಅಂಗಡಿಗೆ ಬರಲಿಲ್ಲ. ಯಲಹಂಕದ ಕಡೆ ಗಾಡಿಯಲ್ಲಿ ಹೋಗುವಾಗ ಒಂದೆರಡು ಸಲ ಕಂಡಿದ್ದಾನೆ. ಹೆಲ್ಮೆಟ್ಟಿನ ಕೆಳಗೆ ಆ ಕೂದಲು ಇನ್ನೂ ಹಾರುತ್ತಿತ್ತು. ಆ ಬ್ಯಾಂಡ್ ಈಗ ಇದೆಯೋ ಇಲ್ಲವೋ ಗೊತ್ತಿಲ್ಲ. ಆಮೇಲೆ ನಾನು ಬೋರ್ಡನ್ನೂ ಇಳಿಸಿದೆ, ಯಾರಾದರೂ ಏನಾದರೂ ಮಾತಾಡಲಿ ಅಂತ. ಆದರೆ ಬೆಂಚಿನ ಮೇಲೆ ಕೂತವರ ಕಿವಿಯಲ್ಲೆಲ್ಲ ವೈರು. ಎಲ್ಲರ ಹತ್ತಿರವೂ ಎಲ್ಲ ಹಾಡೂ ಇದೆ, ಜಗಳಕ್ಕೆ ಯಾರ ಹತ್ತಿರವೂ ಪುರುಸೊತ್ತಿಲ್ಲ. ವಾಕಿಂಗ್ ಪಾತ್ ಹಾಡನ್ನು ನಾನೇ ಗುನುಗುತ್ತಾ ಕಟಿಂಗ್ ಮಾಡುತ್ತೇನೆ. “ಇದ್ಯಾವ ಪಾರ್ಟಿ ಹಾಡಯ್ಯ ಮುನಿರಾಜು?” ಎಂದು ಕೃಷ್ಣಪ್ಪನವರು ಕೇಳಿದರೆ, ಬೋರ್ಡು ತೋರಿಸಲು ಕತ್ತರಿ ಎತ್ತಿ, ಬರಿಯ ಮೊಳೆ ನೋಡಿ ಇಳಿಸುತ್ತೇನೆ.

ಸೀನ ಮಾತ್ರ ತಪ್ಪದೆ ಬರುತ್ತಾನೆ. ಅವನನ್ನು ನಾನು ಎಲ್ಲರಿಗಿಂತ ಹೆಚ್ಚು ಕಾಯಿಸುತ್ತೇನೆ. ಅಷ್ಟರಲ್ಲಿ ಇನ್ನೊಬ್ಬನೂ ಬಾಗಿಲಲ್ಲಿ ಕಾಣಿಸಿಕೊಂಡಾನು, ಸೀಡಿ ಮರೆತು ಹೋಗಿದ್ದೆ ಅಂದಾನು ಅಂತ. ಹೋದ ಭಾನುವಾರವೂ ಬಂದ. ಅಂಗಡಿಯಲ್ಲಿ ಯಾರೂ ಇರಲಿಲ್ಲ.

“ಐದೇ ನಿಮಿಷ ಕೂತ್ಕೋ ಸೀನ,” ಎಂದೆ.

“ಕುರ್ಚಿ ಖಾಲಿನೇ ಇದೆಯಲ್ಲ ಅಣ್ಣಾ?”

ಹಾಗಂದರೂ ಅವನು ಹೊರಟು ಹೋಗಲಿಲ್ಲ, ಬೆಂಚಿನಲ್ಲಿ ಪ್ರಭು ಕೂರುತ್ತಿದ್ದ ಆ ತುದಿಯಲ್ಲಿ ಜಾಗ ಬಿಟ್ಟು ಈ ತುದಿಯಲ್ಲಿ ಕೂತ. ಕುರ್ಚಿ ಖಾಲಿ ಅನ್ನಿಸಿಕೊಳ್ಳಬಾರದಲ್ಲ, ನಾನೇ ಹೋಗಿ ಅದರಲ್ಲಿ ಕೂತುಕೊಂಡೆ.