ದಿನಕ್ಕೆ ಮೂರು ಸಂತೋಷ

ಅರ್ಜಿ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ಡೋಂಬಿವಲಿ ಪೂರ್ವದಲ್ಲಿ ಯಾರೂ ಇಲ್ಲವೆಂದು ನಾನು ಬಹುಕಾಲ ನಂಬಿದ್ದೆ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಮುಂಬಯಿಗೆ ಸೊಸೆಯಾಗಿ ಬಂದು, ವಿಮಾ ಕಚೇರಿಯಲ್ಲಿ ಕೂತವಳಿಗೆ ಬೇರೆ ಯಾವ ವಿದ್ಯೆ ಬರಬೇಕು? ಎದುರು ಮನೆಯವರ ಗ್ಯಾಸಿನ ಅರ್ಜಿ, ಸೊಸೈಟಿಯ ಪಾರ್ಕಿಂಗ್ ಅರ್ಜಿ, ಕೆಳಗಿನ ಮಹಡಿಯ ಅಜ್ಜ ಇನ್ನೂ ಬದುಕಿದ್ದಾರೆಂದು ವರ್ಷಕ್ಕೊಮ್ಮೆ ಪೆನ್ಷನ್ನಿನವರಿಗೆ ತಿಳಿಸುವ ಅರ್ಜಿ, ಎಲ್ಲವೂ ನಮ್ಮ ಊಟದ ಮೇಜಿನ ಮೇಲೆಯೇ ತುಂಬಿ ಹೋಗುತ್ತವೆ. ಅಜ್ಜ ಬದುಕಿರುವುದನ್ನು ಎರಡು ನಿಮಿಷದಲ್ಲಿ ಸಾಬೀತು ಮಾಡುವ ನಾನು ಮೊನ್ನೆ ಒಂದೇ ಒಂದು ಪ್ರಶ್ನೆಯ ಮುಂದೆ ಎಂಟು ದಿನ ಪೆನ್ನು ಹಿಡಿದು ಕೂತೆ.

ಅರ್ಜಿ ನನ್ನ ಮಗ ಕೇದಾರನದು. ಅವನಿಗೀಗ ಹನ್ನೊಂದು ವರ್ಷ. ಮೂರು ವರ್ಷದವನಿದ್ದಾಗ ಅವನಿಗೆ ಆಟಿಸಂ ಇದೆಯೆಂದು ಗೊತ್ತಾಯಿತು. ಹಾಗೆಂದ ಕೂಡಲೇ ಜನ ತಗ್ಗಿದ ದನಿಯಲ್ಲಿ, ಅಂಥ ಮಕ್ಕಳಿಗೆ ಏನಾದರೂ ವಿಶೇಷ ಶಕ್ತಿ ಇರುತ್ತದಂತಲ್ಲ, ಇವನಿಗೆ ಏನಿದೆ ಎಂದು ಕೇಳುತ್ತಾರೆ. ಕೊಡಲು ನನ್ನ ಬಳಿ ದೊಡ್ಡ ಉತ್ತರವಿಲ್ಲ. ಗಣಿತ ಅವನಿಗೆ ನನ್ನಷ್ಟೇ ಬರುತ್ತದೆ, ಅಂದರೆ ಬರುವುದಿಲ್ಲ. ಮೂರು ಮಹಡಿ ಕೆಳಗೆ ಯಾರಾದರೂ ಮಿಕ್ಸರ್ ಹಾಕಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಯಾವ ಲೋಕಲ್ ಎಲ್ಲಿ ನಿಲ್ಲುತ್ತದೆಂದು ಹೇಳುತ್ತಾನೆ, ಆದರೆ ಈ ರೈಲಿನ ದಾರಿಯಲ್ಲಿ ಬೆಳೆದ ಅರ್ಧ ಮಕ್ಕಳು ಅದನ್ನು ಹೇಳುತ್ತಾರೆ. ಇನ್ನೊಂದು, ತಪ್ಪು ಮಾತು ಅವನ ಕಿವಿಯಲ್ಲಿ ಮಿಕ್ಸರಿನ ಹಾಗೆಯೇ ಕೊರೆಯುತ್ತದೆ. 'ಹತ್ತು ನಿಮಿಷದಲ್ಲಿ ಬರ್ತೀನಿ' ಎಂದು ಹೇಳಿ ಹನ್ನೆರಡನೇ ನಿಮಿಷಕ್ಕೆ ಬಂದರೆ ಬಾಗಿಲಲ್ಲೇ ನಿಂತಿರುತ್ತಾನೆ. ನಾವು ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಅವನು ಮರಾಠಿಯಲ್ಲಿ ಉತ್ತರಿಸುತ್ತಾನೆ. ಅದಕ್ಕೆ ಆಟಿಸಂ ಕಾರಣವಲ್ಲ. ಇಲ್ಲಿ ಹುಟ್ಟಿದ ಕನ್ನಡದ ಮಕ್ಕಳೆಲ್ಲ ಹಾಗೆಯೇ.

ಅವನು ಹೋಗುತ್ತಿದ್ದ ಥೆರಪಿ ಕೇಂದ್ರ ಮುಚ್ಚಿದ್ದರಿಂದ ಠಾಣೆ ನಗರದ ಇನ್ನೊಂದು ಕೇಂದ್ರಕ್ಕೆ ಸೇರಿಸಬೇಕಾಯಿತು. ಅವರು ನಾಲ್ಕು ಪುಟದ ಅರ್ಜಿ ಕೊಟ್ಟರು. ಮೊದಲ ಪುಟವನ್ನು ರಿಕ್ಷಾದಲ್ಲೇ ಮುಗಿಸಿದೆ. ಎರಡನೇ ಪುಟದ ನಡುವೆ ಅದಿತ್ತು: ಗರ್ಭಿಣಿಯಾಗಿದ್ದಾಗ ತಾಯಿಗೆ ಮಾನಸಿಕ ಒತ್ತಡವಿತ್ತೇ? ಇದ್ದರೆ ವಿವರಿಸಿ. ವಿವರಿಸಲು ಒಂದೂವರೆ ಸಾಲಿನ ಜಾಗ.

ಈ ಪ್ರಶ್ನೆ ನನಗೆ ಹೊಸದಲ್ಲ. ತಾಯಿಯ ಒತ್ತಡಕ್ಕೂ ಮಗುವಿನ ಆಟಿಸಮ್ಮಿಗೂ ನಂಟಿರಬಹುದೆಂಬ ಸುದ್ದಿಗಳು ಆಗಾಗ ಫೋನಿಗೆ ಬರುತ್ತಿರುತ್ತವೆ. ಕಳಿಸುವವರು ಸಂಬಂಧಿಕರೇ, ಕೆಳಗೆ ಕೈಮುಗಿದ ಚಿತ್ರ ಹಾಕಿ. ಆ ಸುದ್ದಿಗಳಲ್ಲಿ 'ಸಾಧ್ಯತೆ', 'ಇರಬಹುದು', 'ಖಚಿತವಿಲ್ಲ' ಎಂಬ ಮಾತುಗಳು ಬೇಕಾದಷ್ಟು ಇರುತ್ತವೆ. ನಾನು ಅವುಗಳನ್ನು ಮಾತ್ರ ಹಾರಿಸಿ ಓದುತ್ತೇನೆ. ಕೇದಾರನನ್ನು ಮೊದಲು ನೋಡಿದ ಡಾಕ್ಟರು, ಸಾವಿರಾರು ತಾಯಂದಿರನ್ನು ಒಟ್ಟಿಗೆ ನೋಡಿದರೆ ಏನೋ ಸಣ್ಣ ನಂಟು ಕಾಣಬಹುದು, ಆದರೆ ಈ ಒಂದು ಮಗುವಿಗೆ ಇದೇ ಕಾರಣ ಎಂದು ಯಾರೂ ಹೇಳಲಾರರು ಎಂದು ಸ್ಪಷ್ಟವಾಗಿಯೇ ಹೇಳಿದ್ದರು. ನಾನು ತಲೆಯಾಡಿಸಿ ಹೊರಗೆ ಬಂದು, ಯಾರೂ ಹೇಳಲಾರದ್ದನ್ನು ನಾನೊಬ್ಬಳೇ ಎಂಟು ವರ್ಷದಿಂದ ಹೇಳಿಕೊಳ್ಳುತ್ತಿದ್ದೇನೆ.

ಏಕೆಂದರೆ ನನ್ನ ಬಳಿ ಒಂದು ದಿನವಿದೆ. ಆರನೇ ತಿಂಗಳು. ಬೆಳಿಗ್ಗೆ ಅತ್ತೆ, "ನಾಳೆಯಿಂದ ಕೆಲಸ ಬಿಡು. ಹೊಟ್ಟೆಯಲ್ಲಿರುವ ಮಗುವಿಗಿಂತ ನಿನ್ನ ಆಫೀಸು ದೊಡ್ಡದಾ?" ಎಂದರು. ನಾನು ಊಟದ ಡಬ್ಬಿ ಬಿಟ್ಟು ಹೊರಟೆ. ಡೋಂಬಿವಲಿಯಿಂದ ಕಿಟಕಿಯ ಕಡೆ ಮುಖ ಮಾಡಿ ಅಳುತ್ತ ಕೂತವಳು ಮಶೀದ್ ಬಂದರ್ ಸ್ಟೇಷನ್ ತನಕ ನಿಲ್ಲಿಸಲಿಲ್ಲ. ಅಲ್ಲಿ ಗಾಡಿ ನಿಂತಾಗ ಹಸಿರು ಸೀರೆಯ ಹೆಂಗಸೊಬ್ಬಳು ತೆಂಗಿನಕಾಯಿಯ ಬುಟ್ಟಿ ಹೊತ್ತು ಹತ್ತಿದಳು, ನನ್ನ ಹೊಟ್ಟೆ ನೋಡಿದಳು, ಕಣ್ಣು ನೋಡಿದಳು, ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು. ಮುಂದಿನ ನಿಲ್ದಾಣವೇ ನನ್ನದು, ಕೊನೆಯದು. ಆ ಸೆರಗಿನ ಒದ್ದೆ ವಾಸನೆ ಕೂಡ ನೆನಪಿದೆ. ಕೇದಾರ ಮಾತಾಡದ ದಿನಗಳಲ್ಲಿ, ಶಾಲೆಯಿಂದ ಫೋನು ಬಂದ ದಿನಗಳಲ್ಲಿ, ನಾನು ಮತ್ತೆ ಮತ್ತೆ ಹೋಗಿ ನಿಂತಿದ್ದು ಆ ಬೆಳಿಗ್ಗೆಯ ಎದುರು. ಒಂದೂವರೆ ಸಾಲಿನಲ್ಲಿ ಬರೆಯಬೇಕಾದದ್ದು ಅದನ್ನೇ. ಆದರೆ ಅರ್ಜಿಯನ್ನು ಅತ್ತೆಯೂ ಓದುತ್ತಾರೆ. ನಮ್ಮ ಮನೆಯಲ್ಲಿ ಎಲ್ಲರೂ ಎಲ್ಲವನ್ನೂ ಓದುತ್ತಾರೆ.

ಮೊದಲು ಓದಿದವರು ನಮ್ಮ ಯಜಮಾನರು. ಓದಿ, ಕನ್ನಡಕ ತೆಗೆದು, "ನನ್ನ ಹೆಸರು ಬರಿ" ಎಂದರು. "ನಾಲ್ಕನೇ ತಿಂಗಳಲ್ಲಿ ಕಳವಾ ಸ್ಟೇಷನ್ ಹತ್ರದ ರೂಮು ಬಿಟ್ಟು ಇಲ್ಲಿಗೆ ಶಿಫ್ಟ್ ಮಾಡಿಸಿದ್ದು ನಾನಲ್ವಾ? ಲಿಫ್ಟ್ ಚಾಲೂ ಆಗಿರ್ಲಿಲ್ಲ. ನಾಲ್ಕು ಮಹಡಿ ಹತ್ತಿಸಿದೆ."

"ಅದೇನ್ ಒತ್ತಡ ಅಲ್ರೀ, ವ್ಯಾಯಾಮ" ಎಂದೆ.

"ನೀನು ಆಗ ಹಾಗೆ ಹೇಳ್ಲಿಲ್ಲ."

ಆಗ ಏನು ಹೇಳಿದ್ದೆನೋ ನೆನಪಿಲ್ಲ. ಸಂಜೆ ಧಾರವಾಡದಿಂದ ಅವ್ವನ ಫೋನು ಬಂತು. ಇವರೇ ಸುದ್ದಿ ಮುಟ್ಟಿಸಿದ್ದರು. "ತಪ್ಪೆಲ್ಲಾ ನಂದ ನೋಡವಾ" ಎಂದು ಅವ್ವ ನೇರವಾಗಿ ಶುರುಮಾಡಿದಳು. "ಐದನೇ ತಿಂಗಳಾಗ ಕರ್ಕೊಂಡ ಬರಬೇಕಿತ್ತು. ನಿನ್ನ ತಮ್ಮನ ಪರೀಕ್ಷಾ ಅಂತ ಕುಂತೆ. ಅಂವಾ ಪಾಸೂ ಆಗ್ಲಿಲ್ಲ. ಫಾರ್ಮಿನ್ಯಾಗ ನನ್ನ ಹೆಸರ ಹಾಕು."

ಲೋಕಲಿನಲ್ಲಿ ಓಡಾಡಿದವರಿಗೆ ಈ ದೃಶ್ಯ ಗೊತ್ತು. ರೈಲಿನ ಹೆಂಗಸರ ಡಬ್ಬಿ ಹತ್ತಿದ ಕೂಡಲೇ ಕೂತವರನ್ನೆಲ್ಲ ಒಬ್ಬೊಬ್ಬರಾಗಿ ಕೇಳುತ್ತ ಹೋಗುತ್ತೇವೆ: ಎಲ್ಲಿ ಇಳೀತೀರಿ? ಮುಲುಂಡ್ ಎಂದವಳ ಸೀಟು ಮುಲುಂಡಿನಿಂದ ನಮ್ಮದು. ನಾನು ಎಂಟು ವರ್ಷದಿಂದ ಒಬ್ಬಳೇ ಕೂತಿದ್ದೇನೆ ಅಂದುಕೊಂಡಿದ್ದ ಸೀಟನ್ನು ಮನೆಮಂದಿಯೆಲ್ಲ ಆಗಲೇ ಹಿಡಿದಿಟ್ಟುಕೊಂಡಿದ್ದರು.

ಅತ್ತೆ ಮಾತ್ರ ಮೂರು ದಿನ ಸುಮ್ಮನಿದ್ದರು. ಉಡುಪಿಯ ಕಡೆಯವರು ನಮ್ಮ ಅತ್ತೆ. ಮಗನ ಜೊತೆ ತುಳು, ನನ್ನ ಜೊತೆ ಕನ್ನಡ, ತರಕಾರಿಯವನ ಜೊತೆ ಹಿಂದಿ, ಸಿಟ್ಟು ಬಂದಾಗ ಯಾರ ಜೊತೆಗೂ ಯಾವ ಭಾಷೆಯೂ ಇಲ್ಲ. ನಾಲ್ಕನೇ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಕೆಸುವಿನ ಎಲೆಯ ನಾರು ತೆಗೆಯುತ್ತ, ತಲೆ ಎತ್ತದೆ, "ಆ ಕಾಗದದಲ್ಲಿ ನನ್ನ ಹೆಸರು ಬರಿ" ಎಂದರು.

"ಯಾಕ ಅತ್ತೆ?"

"ನಿನಗೆ ಗೊತ್ತುಂಟಲ್ಲ."

ಗೊತ್ತಿತ್ತು. ಹನ್ನೊಂದು ವರ್ಷ ಕಾದಿದ್ದೆ. ನಾನು ಉದಾರವಾಗಿ ಮುಖ ಮಾಡಿಕೊಂಡು, "ಹೋಗ್ಲಿ ಬಿಡ್ರಿ, ಕೆಲಸ ಬಿಡು ಅಂದಿದ್ದು ನನ್ನ ಒಳ್ಳೇದಕ್ಕ" ಎಂದೆ.

"ಯಾವ ಕೆಲಸ?" ಅತ್ತೆ ತಲೆ ಎತ್ತಿದರು. "ಹಾಗೆ ನಾನು ಹೇಳಿದ್ದಾ? ಇಲ್ಲಪ್ಪ. ನಾನು ಹೇಳುವುದು ಪತ್ರೊಡೆಯದ್ದು."

ಯಾವ ಪತ್ರೊಡೆ ಎಂದು ಕೇಳುವ ಸರದಿ ನನ್ನದಾಯಿತು. ಆಷಾಢದಲ್ಲಿ ಒಂದು ದಿನ ಇದೇ ಕೆಸುವಿನ ಎಲೆಯ ಪತ್ರೊಡೆ ಮಾಡಿದ್ದರಂತೆ. ನಾನು ತಟ್ಟೆ ಹಿಡಿದು ಕೂತು ಮೊದಲ ತುಂಡು ಬಾಯಿಗಿಡುವಾಗ, ಬಸುರಿಗೆ ಕೆಸು ಬೇಡ, ತುರಿಸುತ್ತದೆ ಎಂದು ಕೈಯಿಂದ ತಟ್ಟೆ ಕಿತ್ತುಕೊಂಡರಂತೆ. "ತಿನ್ನುವವಳ ಕೈಯಿಂದ ತಟ್ಟೆ ತೆಗೆದೆ ಮಾರಾಯ್ತಿ. ನೀನು ಒಂದು ಮಾತು ಆಡ್ಲಿಲ್ಲ, ಕೈ ತೊಳೆದು ಎದ್ದು ಹೋದೆ. ಆಗ ಹೊಟ್ಟೆಯಲ್ಲಿ ಆ ಮಗುವಿಗೆ ಎಂತ ಅನ್ನಿಸಿತೋ. ಕೇದಾರ ಮಾತಾಡದಿದ್ದಾಗೆಲ್ಲ ನನಗೆ ಆ ತಟ್ಟೆಯೇ ಕಾಣುವುದು."

ನನಗೆ ಆ ತಟ್ಟೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಪ್ರತಿ ಮಳೆಗಾಲ ಮೊದಲ ಪತ್ರೊಡೆಯ ತಟ್ಟೆ ಮಗನಿಗೂ ಕೊಡದೆ ನನಗೆ ಕೊಟ್ಟು, ಮುಗಿಯುವ ತನಕ ಎದುರಿಗೇ ನಿಲ್ಲುತ್ತಾರೆ. ನಿಮ್ಮ ಧಾರವಾಡದಲ್ಲಿ ಇಂಥದ್ದೆಲ್ಲಿ ಎಂಬ ಜಂಬ ಅದು ಎಂದು ತಿಳಿದು, ಬೇಕೆಂದೇ ಪ್ರತಿಸಲ 'ಉಪ್ಪು ಸ್ವಲ್ಪ ಕಡಿಮಿ' ಎನ್ನುತ್ತ ಬಂದಿದ್ದೆ.

ಹೀಗೆ ಸಾಕ್ಷಿಗಳು ಎದುರುಬದುರಾದಾಗ ಇತಿಹಾಸ ಓದಿದವರು ದಾಖಲೆ ಹುಡುಕಬೇಕು. ದಾಖಲೆ ಇತ್ತು. ಅಡುಗೆಮನೆಯ ಅಟ್ಟದ ಮೇಲೆ, ಹಳೇ ಸೂಟ್‌ಕೇಸಿನಲ್ಲಿ, ಗುಲಾಬಿ ರಟ್ಟಿನ ಒಂದು ವಹಿ, ಅಂದರೆ ನೋಟ್‌ಬುಕ್ಕು. ಅದರ ಕತೆ ಹೇಳಬೇಕು. ಇಲ್ಲಿ ಬಸುರಿಯರಿಗೆ ಗರ್ಭಸಂಸ್ಕಾರದ ಕ್ಲಾಸುಗಳಿವೆ. ನಮ್ಮ ಓಣಿಯ ಕೊನೆಯಲ್ಲಿ ಭಾನುವಾರದ ಕ್ಲಾಸು ನಡೆಸುತ್ತಿದ್ದ ಹಿರಿಯ ಹೆಂಗಸನ್ನು ಎಲ್ಲರೂ ವಹಿನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆವು. ತಾಯಿ ಸಂತೋಷವಾಗಿದ್ದರೆ ಮಗುವೂ ಚೆನ್ನಾಗಿರುತ್ತದೆ, ಆದ್ದರಿಂದ ದಿನಕ್ಕೆ ಮೂರು ಸಂತೋಷದ ಸಂಗತಿಗಳನ್ನು ವಹಿಯಲ್ಲಿ ಬರೆಯಬೇಕು, ಬರೆದದ್ದನ್ನು ಮಗು ಒಳಗಿನಿಂದ ಓದುತ್ತದೆ ಎಂದು ವಹಿನಿ ಹೇಳಿದ್ದರು. ಭಾನುವಾರ ಎಲ್ಲರೆದುರು ಗಟ್ಟಿಯಾಗಿ ಓದಿಸುತ್ತಿದ್ದರು ಕೂಡ. ಅದಕ್ಕೇ ನಾನು ಮರಾಠಿಯಲ್ಲಿ ಬರೆದಿದ್ದೆ. ಪಕ್ಕದ ಬಸುರಿಗೆ ವಾರಕ್ಕೆ ಇಪ್ಪತ್ತೊಂದು ಸಂತೋಷ ಸಲೀಸಾಗಿ ಆಗುತ್ತಿದ್ದವು. ನನಗೆ ಬುಧವಾರದ ಹೊತ್ತಿಗೇ ಸಾಮಾನು ಮುಗಿಯುತ್ತಿತ್ತು. ಶನಿವಾರ ಕೂತು ಉಳಿದದ್ದನ್ನೆಲ್ಲ ಕಟ್ಟುತ್ತಿದ್ದೆ. ಎಲ್ಲಿ ಸಿಕ್ಕಿಬೀಳುತ್ತೇನೋ, ಸುಳ್ಳು ಸಂತೋಷ ಮಗುವಿಗೆ ನಾಟುತ್ತದೋ ಇಲ್ಲವೋ ಎಂಬ ಚಿಂತೆ ಬೇರೆ. ಈಗ ಯೋಚಿಸಿದರೆ ಆ ಒಂಬತ್ತು ತಿಂಗಳಲ್ಲಿ ನನಗಿದ್ದ ದೊಡ್ಡ ಒತ್ತಡ, ಒತ್ತಡವಿಲ್ಲದೆ ಇರಬೇಕೆಂಬುದೇ.

ಆದರೂ ಅಟ್ಟದ ಕೆಳಗೆ ಸ್ಟೂಲಿನ ಮೇಲೆ ಕೂತು ಓದುವಾಗ ಕಣ್ಣು ತುಂಬಿತು. ಆ ಕಾಲದ ನಮ್ಮ ರೈಲು ಡಬ್ಬಿ ಅಲ್ಲಿತ್ತು. ಠಾಣೆಯಲ್ಲಿ ಹತ್ತುತ್ತಿದ್ದ ಸುಲಭಾತಾಯಿ ಇದ್ದಳು, ಅವಳ ಊಟದ ಡಬ್ಬಿಯ ಮಾವಿನಕಾಯಿ ಕಡಲೆಬೇಳೆಯ ಕೋಸಂಬರಿ ಇತ್ತು. ಏಳನೇ ತಿಂಗಳಲ್ಲಿ ಓಡುವ ಗಾಡಿಯಲ್ಲೇ ನನಗೆ ಹಸಿರು ಬಳೆ ತೊಡಿಸಿ, ಕಂಬಿಗೆ ಹೂವಿನ ಸರ ಕಟ್ಟಿ, ಉಡಿ ತುಂಬಿದ್ದರು. ಘಾಟ್ಕೋಪರಿನಲ್ಲಿ ಇಳಿಯಬೇಕಾದವರು ಹಾಡು ಮುಗಿದಿಲ್ಲವೆಂದು ಇಳಿಯದೆ ದಾದರಿನಿಂದ ಹಿಂದಿರುಗಿದ್ದರು. ಇಷ್ಟು ಜನ ಪ್ರೀತಿಸಿದ ಹೆಂಗಸು ಅಷ್ಟೊಂದು ದುಃಖದಲ್ಲಿದ್ದಳೇ ಎಂದು ನನ್ನನ್ನೇ ಕೇಳಿಕೊಂಡೆ. ಬರೆದವಳು ನಾನೇ ಆದ್ದರಿಂದ ಉತ್ತರವನ್ನು ನಂಬುವಂತಿರಲಿಲ್ಲ.

ಕೇದಾರ ಯಾವಾಗ ಬಂದು ವಹಿ ತೆಗೆದುಕೊಂಡನೋ ಗೊತ್ತಾಗಲಿಲ್ಲ. ಕೆಂಪು ಪೆನ್ಸಿಲ್ ತಂದು, ನೆಲದ ಮೇಲೆ ಕೂತು, ಟೀಚರಿನ ಗಾಂಭೀರ್ಯದಲ್ಲಿ ಓದತೊಡಗಿದ. ಯಾರಿಗಾಗಿ ಬರೆದಿದ್ದೆನೋ ಅವನು, ಕೊನೆಗೂ, ಹೊರಗಿನಿಂದ ಓದುತ್ತಿದ್ದ.

"ಇವತ್ತು ಬಾಲ್ಕನಿಯಲ್ಲಿ ಸೂರ್ಯೋದಯ ನೋಡಿದೆ" ಎಂಬ ಸಾಲಿಗೆ ಬಂದಾಗ ಎದ್ದು ಬಾಲ್ಕನಿಗೆ ಹೋಗಿ ಬಂದ. "ಅಮ್ಮಾ, ಹೇ ಚೂಕ್ ಆಹೇ. ಬಾಲ್ಕನಿ ಪಶ್ಚಿಮೇಲಾ ಆಹೇ." ಇದು ತಪ್ಪು, ಬಾಲ್ಕನಿ ಇರುವುದು ಪಶ್ಚಿಮಕ್ಕೆ. ಕೆಂಪು ಗುಣಿಸು ಚಿಹ್ನೆ ಬಿತ್ತು. 'ಕೋಗಿಲೆ ಕೂಗಿತು' ಎಂದು ಡಿಸೆಂಬರಿನಲ್ಲಿ ಬರೆದದ್ದಕ್ಕೂ ಬಿತ್ತು. 'ಅತ್ತೆಯ ಜೊತೆ ನಗುನಗುತ್ತ ಅಡುಗೆ ಮಾಡಿದೆ' ಎಂಬಲ್ಲಿ ಪೆನ್ಸಿಲ್ ಎತ್ತಿ ಅಜ್ಜಿಯ ಮುಖ ನೋಡಿದ. ಅತ್ತೆ, "ಹಾಕು, ಹಾಕು" ಎಂದರು. ನಾವಿಬ್ಬರೂ ನಕ್ಕೆವು. ಬಹುಶಃ ಆಗ ಆ ಸಾಲು ನಿಜವಾಗಿರಬೇಕು, ಆದರೆ ಅವನು ಆಗಲೇ ಗುಣಿಸು ಹಾಕಿ ಮುಂದಿನ ಪುಟಕ್ಕೆ ಹೋಗಿದ್ದ.

ಅಲ್ಲಿ ಒಂದು ಸಾಲಿಗೆ ಸರಿ ಗುರುತು ಬಿತ್ತು. ಇಡೀ ವಹಿಯಲ್ಲಿ ಅದೊಂದೇ. 'ಎಂಟು ನಲವತ್ತರ ಡೋಂಬಿವಲಿ ಫಾಸ್ಟ್. ಕಿಟಕಿ ಸೀಟು. ಡಬ್ಬಿ ಮರೆತೆ. ಸುಲಭಾತಾಯಿ ಕೋಸಂಬರಿ ಕೊಟ್ಟಳು, ತಿಂದು ಮಲಗಿದೆ.' ಡಬ್ಬಿ ಮರೆತ ದಿನ! ಅದೇ ದಿನ. ಮಲಗಿದ್ದು ಸುಳ್ಳಿರಬೇಕು, ವಹಿನಿಗಾಗಿ ಬರೆದದ್ದು ಎಂದುಕೊಂಡು, ಯಾರಿಗೂ ಹೇಳಿರದ ಆ ಕತೆಯನ್ನು ಅಲ್ಲೇ, ಅತ್ತೆಯೆದುರೇ ಹೇಳಿದೆ. ಅಳು, ಕಿಟಕಿ, ಮಶೀದ್ ಬಂದರಿನಲ್ಲಿ ಗಾಡಿ ನಿಂತದ್ದು, ತೆಂಗಿನಕಾಯಿಯ ಹೆಂಗಸು, ಸೆರಗು. ಅತ್ತೆ ಕೆಸುವಿನ ಎಲೆ ಕೆಳಗಿಟ್ಟು ಬಾಯಿಗೆ ಕೈ ಹಿಡಿದರು.

ಕೇದಾರ ಕಿವಿ ಮುಚ್ಚಿಕೊಂಡ. "ಚೂಕ್" ಎಂದ. "ಫಾಸ್ಟ್ ಮಶೀದಲಾ ಥಾಂಬತ್ ನಾಹೀ."

ಸಣ್ಣ ಸ್ಟೇಷನ್ನುಗಳನ್ನು ಬಿಟ್ಟು ಓಡುವ ಫಾಸ್ಟ್ ಗಾಡಿ ಮಶೀದ್ ಬಂದರಿನಲ್ಲಿ ನಿಲ್ಲುವುದಿಲ್ಲ. ನಿಜ. ಹದಿನೆಂಟು ವರ್ಷ ಓಡಾಡಿದ ನನಗೆ ಗೊತ್ತಿರದ ವಿಷಯವೇನಲ್ಲ. ಭಾಯ್‌ಖಳಾ ಸ್ಟೇಷನ್ ಬಿಟ್ಟರೆ ಅದು ನಿಲ್ಲುವುದು ಕೊನೆಯಲ್ಲೇ. ನಾನು ಹಿಡಿಯುತ್ತಿದ್ದದ್ದು ಯಾವಾಗಲೂ ಫಾಸ್ಟೇ.

ಅತ್ತೆ, "ಹಾಗಾದರೆ ಅವಳು ಹತ್ತಿದ್ದು ಎಲ್ಲಿಂದ?" ಎಂದರು. ಅವರು ಪತ್ರೊಡೆ ಬೇಯಲು ಇಟ್ಟು ಬಂದು, ಅರ್ಜಿಯನ್ನು ನನ್ನ ಕಡೆ ಸರಿಸಿದರು. "ನೀನೂ ಇಳಿ, ನಾನೂ ಇಳಿಯುತ್ತೇನೆ. ಅದರಲ್ಲಿ ಯಾರ ಹೆಸರೂ ಬೇಡ." ಒಂದೂವರೆ ಸಾಲಿನಲ್ಲಿ ನಾನು ಹೀಗೆ ಬರೆದೆ: ಎಲ್ಲರಿಗೂ ಇರುವಷ್ಟು ಇತ್ತು. ಎಷ್ಟು ಎಂಬ ಬಗ್ಗೆ ಮನೆಯಲ್ಲಿ ಒಮ್ಮತವಿಲ್ಲ. ಆ ಸಂಜೆ ಪತ್ರೊಡೆಗೆ ಉಪ್ಪು ನಿಜಕ್ಕೂ ಕಡಿಮೆಯಿತ್ತು. ನಾನು ಸರಿಯಾಗಿದೆ ಎಂದೆ. ಕೇದಾರ ಪೆನ್ಸಿಲ್ ಹುಡುಕಿದ.

ಮರುದಿನ ಅರ್ಜಿ ಕೊಟ್ಟು ಬಂದೆವು. ಅಲ್ಲಿಯ ಹುಡುಗಿ ಎರಡನೇ ಪುಟವನ್ನು ತಿರುಗಿಸಿಯೂ ನೋಡಲಿಲ್ಲ, ಕೊನೆಯಲ್ಲಿ ನನ್ನ ಸಹಿ ಇದೆಯೇ ಎಂದಷ್ಟೇ ನೋಡಿದಳು. ಎಂಟು ವರ್ಷದ ನನ್ನ ಸಾಕ್ಷ್ಯ ಬಿದ್ದುಹೋಗಿದೆ, ಎದೆ ಹಗುರಾಗಬೇಕು, ಆಗಿದೆ ಕೂಡ. ಆದರೂ ಠಾಣೆಯಿಂದ ಬರುವಾಗ ಕಿಟಕಿಗೆ ತಲೆಯಾನಿಸಿ ಸ್ವಲ್ಪ ಕಣ್ಣು ಮುಚ್ಚಿದೆನೋ ಇಲ್ಲವೋ, ಹಸಿರು ಸೀರೆಯವಳು ಬುಟ್ಟಿ ಹೊತ್ತು ಹತ್ತಿಯೇಬಿಟ್ಟಳು, ಗಾಡಿ ನಿಲ್ಲದ ಸ್ಟೇಷನ್ನಿನಲ್ಲಿ.