ಅರ್ಬಾಬರ ಗೆಳೆಯನ ಹೆಗಲು

ನಾನು ಈ ಜನ್ಮದಲ್ಲಿ ಕೋವಿ ಹಿಡಿದವಳಲ್ಲ. ಆದರೆ ಒಂದು ಬೇಟೆಕೋವಿಗೆ ರವಿಕೆಗೆ ತೆಗೆದ ಹಾಗೆ ಅಳತೆ ತೆಗೆಸಿ, ಕೆಡಿಸಿ, ಮತ್ತೆ ಸರಿಮಾಡಿಸಿದ ಪಾಪಪುಣ್ಯ ಎರಡೂ ನನ್ನ ತಲೆಯ ಮೇಲಿವೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದ್ದಾಳೆ. ಬೆರಳಿಗೆ ಕೆಲಸ ಸಿಕ್ಕಿದ ಮೇಲೆ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ.

ತೊಂಬತ್ತರ ದಶಕದಲ್ಲಿ ನಾವು ದುಬೈಯ ಸತ್ವಾದಲ್ಲಿದ್ದೆವು. ನಮ್ಮ ಯಜಮಾನರಿಗೆ ಬಡಗಿ ಕೆಲಸ. ಮುಂದೆ ಅವರ ಮರ, ಗರಗಸ. ಹಿಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್ನು. ಮರದ ಹುಡಿ ಬಟ್ಟೆಯ ಮೇಲೆ ಬೀಳದಿರಲಿ ಎಂದು ನಡುವೆ ಒಂದು ಪರದೆ ಕಟ್ಟಿದ್ದೆವು. ಹುಡಿಯನ್ನೇನೋ ಅದು ತಡೆಯುತ್ತಿತ್ತು. ನನ್ನ ಮಾತನ್ನು ತಡೆಯುವಷ್ಟು ದಪ್ಪದ ಬಟ್ಟೆ ಮಾತ್ರ ಸತ್ವಾದ ಯಾವ ಅಂಗಡಿಯಲ್ಲೂ ಇರಲಿಲ್ಲ.

ಅಲ್ಲಿಗೆ ಒಮ್ಮೆ ಒಬ್ಬ ಹಿರಿಯ ಅರಬರು ಬಂದರು. ಹಿಂದೊಮ್ಮೆ ಅವರ ಮನೆಯ ಬಾಗಿಲು ಮಾಡಿಕೊಟ್ಟಿದ್ದರಿಂದ ನಮ್ಮವರು ಅವರನ್ನು ಅರ್ಬಾಬ್, ಅಂದರೆ ಧಣಿಗಳೇ, ಎಂದೇ ಕರೆಯುತ್ತಿದ್ದರು. ಶಾಲಿನಲ್ಲಿ ಸುತ್ತಿ ತಂದದ್ದು ಕೋವಿಯ ಹಿಂಬದಿಯ ಮರ, ಹೆಗಲಿಗೆ ಆನಿಸಿಕೊಳ್ಳುವ ಭಾಗ. ಕಬ್ಬಿಣದ ಭಾಗವೆಲ್ಲ ಮನೆಯಲ್ಲೇ ಭದ್ರವಾಗಿತ್ತು. ಮರ ಉದ್ದಕ್ಕೆ ಸೀಳಿತ್ತು. ಅಂಗಡಿಯಲ್ಲಿ ಕಪ್ಪು ಪ್ಲಾಸ್ಟಿಕ್ಕಿನದು ಸಿಗುತ್ತದೆ, ಅದನ್ನೇ ಹಾಕಿಸಿ ಎಂದು ಮಗ ಹೇಳಿದ್ದನಂತೆ. ಇವರಿಗೆ ಅದು ಬೇಡ. ಅಕ್ರೋಟು ಮರದ್ದೇ ಆಗಬೇಕು. ಜೊತೆಗೆ, ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದಲ್ಲ, ಅದಕ್ಕೆ ತುದಿಯಲ್ಲಿ ಒಂದು ರಬ್ಬರಿನ ಮೆತ್ತೆಯೂ ಬೇಕು.

"ನನಗಲ್ಲ," ಅಂದರು ತಮ್ಮ ಹರಕು ಹಿಂದಿಯಲ್ಲಿ. "ನನ್ನ ಗೆಳೆಯನಿಗೆ. ಅವನಿಗೆ ಹೆಗಲು ನೋವು."

ಪಾಪ, ಆ ಗೆಳೆಯ ಪ್ರತಿ ಚಳಿಗಾಲ ಗಂಡುಮಕ್ಕಳ ಜೊತೆ ಹೊರದೇಶದ ಬೆಟ್ಟಗಳಿಗೆ ಬೇಟೆಗೆ ಹೋಗುವವನಂತೆ. ಹೆಗಲಿನ ಸುದ್ದಿ ಗೊತ್ತಾದರೆ ಮಕ್ಕಳು ಈ ಸಲ ಮನೆಯಲ್ಲೇ ಕೂರಿಸುತ್ತಾರಂತೆ. ಇಷ್ಟು ಹೇಳಿ ಅರ್ಬಾಬರು ಚಹಾದ ಲೋಟ ಎತ್ತಿದರು. ಪರದೆಯ ಸಂದಿಯಿಂದ ನೋಡಿದೆ: ಬಲಗೈ ಬಾಯಿಯವರೆಗೆ ಹೋಗಲು ಎಡಗೈ ಮೊಣಕೈಗೆ ಆಸರೆ ಕೊಡುತ್ತಿತ್ತು.

ನಮ್ಮವರು ಬಡಪಾಯಿ, ಗೆಳೆಯನ ಕೈಯ ಅಳತೆ ತನ್ನಿ ಎಂದರು. "ಸರಿಯಾಗಿ ನನ್ನಷ್ಟೇ ಇದ್ದಾನೆ," ಅಂದರು ಅರ್ಬಾಬರು, ಕೈ ಚಾಚಿ. ಮೊಣಕೈ ಮಡಿಕೆಯಿಂದ ಟ್ರಿಗರ್ ಎಳೆಯುವ ಬೆರಳಿನವರೆಗೆ ಟೇಪು ಹಿಡಿದದ್ದು ನಮ್ಮವರು. ಅಲ್ಲಿಂದ ಮುಂದಿನದೆಲ್ಲ ನನ್ನ ಅಧಿಕಪ್ರಸಂಗ. ಒಂದಿಂಚು ಜಾಸ್ತಿ ಬಿಡಿ ಎಂದು ಪರದೆಯಾಚೆಯಿಂದ ಕೂಗಿದೆ. ಸತ್ವಾದ ಅರ್ಧ ಮಕ್ಕಳ ಯೂನಿಫಾರ್ಮು ಹೊಲಿದವಳು ನಾನು. ಮಕ್ಕಳು ಬೆಳೆಯುತ್ತಾರಲ್ಲ, ಬರುವ ವರ್ಷಕ್ಕೂ ಆಗಲಿ ಎಂದು ಒಳಗೆ ಒಂದಿಂಚು ಮಡಿಸಿ ಬಿಡದೆ ಏನನ್ನೂ ಹೊಲಿದದ್ದೇ ಇಲ್ಲ. ನಮ್ಮವರಿಗೆ ನನ್ನೊಡನೆ ವಾದಿಸುವುದಕ್ಕಿಂತ ಮರ ಕಡಿಯುವುದು ಸುಲಭ. ಬಿಟ್ಟರು.

ಮೆತ್ತೆಯದು ಇನ್ನೊಂದು ಕಥೆ. ಬೇಟೆ ಸಾಮಾನಿನ ಅಂಗಡಿಯಿಂದ ಅರ್ಬಾಬರು ಮೂರು ತಂದು ಮೇಜಿನ ಮೇಲಿಟ್ಟರು. ಒಂದು ತೆಳ್ಳಗೆ, ಗಟ್ಟಿ. ಒಂದು ಹೆಬ್ಬೆರಳಲ್ಲಿ ಒತ್ತಿದರೆ ಹಳೆ ಸ್ಪಂಜಿನ ಹಾಗೆ ತಳ ಮುಟ್ಟುವಂಥದ್ದು. ಮೂರನೆಯದು ಒಂದಿಂಚು ದಪ್ಪ. ಒತ್ತಿದರೆ ತಗ್ಗಿ, ಬಿಟ್ಟರೆ ನಿಧಾನಕ್ಕೆ ಮೇಲೇಳುತ್ತಿತ್ತು. ಅರ್ಬಾಬರ ಬೆರಳು ಮತ್ತೆ ಮತ್ತೆ ಮೂರನೆಯದಕ್ಕೇ ಹೋಗುತ್ತಿತ್ತು, ಬಾಯಿ ಮಾತ್ರ ತೆಳ್ಳಗಿನದು ಸಾಕು ಎನ್ನುತ್ತಿತ್ತು. ದಪ್ಪದ್ದು ಹಾಕಿದರೆ ಗೆಳೆಯನ ಮಕ್ಕಳಿಗೆ ಕಾಣುತ್ತದಂತೆ. ಕಾಣದ ಹಾಗೆ ಮಾಡುವುದು ನನಗಿರಲಿ ಎಂದೆ. ಪಕ್ಕದ ಚಪ್ಪಲಿ ರಿಪೇರಿಯವನಿಂದ ಮರದ್ದೇ ಬಣ್ಣದ ಚರ್ಮ ತಂದು, ಮೆತ್ತೆ ಮರ ಎರಡನ್ನೂ ಮುಚ್ಚುವ ಹಾಗೆ ಒಂದು ಗವಸು ಹೊಲಿದೆ. ಮರ ಎಲ್ಲಿ ಮುಗಿಯಿತು, ರಬ್ಬರು ಎಲ್ಲಿ ಶುರುವಾಯಿತು ಎಂದು ನನಗೇ ತಿಳಿಯುತ್ತಿರಲಿಲ್ಲ.

ಎಲ್ಲ ಸೇರಿಸಿದ ಮೇಲೆ ಅರ್ಬಾಬರು ಹೆಗಲಿಗೆ ಹಿಡಿದು ನೋಡಿದರೆ, ಅದು ಹೆಗಲಿಗೆ ಬರದೆ ಕಂಕುಳಲ್ಲಿ ಊರುಗೋಲಿನ ಹಾಗೆ ಸಿಕ್ಕಿಕೊಂಡಿತು. ನನ್ನದೊಂದಿಂಚು, ಮೆತ್ತೆಯದೊಂದಿಂಚು.

"ಎಂತ ಮಾರಾಯ್ತಿ," ನಮ್ಮವರು ಪರದೆ ಸರಿಸಿ ಕೇಳಿದರು, "ಕೋವಿ ಬರುವ ವರ್ಷ ಎರಡನೇ ಕ್ಲಾಸಿಗೆ ಹೋಗ್ಲಿಕ್ಕುಂಟಾ?"

ಸೋತದ್ದನ್ನು ತೋರಿಸಿಕೊಳ್ಳುವವಳೇ ನಾನು? ಬೆಟ್ಟದಲ್ಲಿ ಚಳಿ ಉಂಟಲ್ಲ, ಗೆಳೆಯ ಕೋಟು ಹಾಕುವುದಿಲ್ಲವಾ ಎಂದು ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಮರುದಿನ ಅರ್ಬಾಬರು ಆ ಸೆಕೆಯಲ್ಲಿ ದಪ್ಪ ಕೋಟು ತೊಟ್ಟು, ಬೆವರಿಳಿಸುತ್ತ ನಿಂತರು. ಕೋಟಿನ ದಪ್ಪದ ಲೆಕ್ಕದ ಅರ್ಧ ಇಂಚೂ ಸೇರಿ ಮರದಲ್ಲಿ ಎರಡೂವರೆ ಇಂಚು ಹೋಯಿತು. ನಾನೂ ಬಾಯಿ ಮುಚ್ಚಿಕೊಂಡು ಗವಸನ್ನು ಗಿಡ್ಡ ಮಾಡಿದೆ. ಈ ಸಲ ಎತ್ತಿದ ಕೂಡಲೇ ಅದು ಹೆಗಲಿಗೆ ಹೋಗಿ ಕೂತಿತು. ಗೆಳೆಯನಿಗೆ ಸರಿಹೋಗುತ್ತದೆ ಎಂದರು ಅರ್ಬಾಬರು, ಕಣ್ಣಲ್ಲಿ ನೀರು. ಸೆಕೆಗಿರಬೇಕು.

ಚಳಿಗಾಲ ಮುಗಿಯುವ ಹೊತ್ತಿಗೆ ಖರ್ಜೂರದ ಡಬ್ಬಿ ಹಿಡಿದು ಬಂದರು. ಗೆಳೆಯ ಬೇಟೆಗೆ ಹೋಗಿ ಬಂದನಂತೆ. ಒಂದೇ ತೊಂದರೆ, ಅವನ ಮಗ ಒಂದು ದಿನ ಆ ಕೋವಿ ಹಿಡಿದವನು ವಾಪಸು ಕೊಡಲೇ ಇಲ್ಲವಂತೆ. ಅವನ ಕೋವಿಯ ಪ್ಲಾಸ್ಟಿಕ್ಕಿನದು ಹೆಗಲು ಮುರಿಯುತ್ತದಂತೆ. "ಇನ್ನೊಂದು ಮಾಡಿಕೊಡಿ, ಮಗನ ಅಳತೆಗೆ," ಅಂದರು. ಯಾರ ಮಗ ಎಂದು ನಾವು ಕೇಳಲಿಲ್ಲ. ಪರದೆಯ ಹಿಂದೆ ನಾನು ಮಾತ್ರ ಸೆರಗು ಬಾಯಿಗೊತ್ತಿಕೊಂಡು ನಕ್ಕಿದ್ದೆ. ಇಷ್ಟು ದೊಡ್ಡ ಮನುಷ್ಯ, ಒಂದು ನೋವನ್ನು ನನ್ನದು ಅನ್ನಲಿಕ್ಕೆ ಏನು ನಾಚಿಕೆ ಎಂದು.

ಈಗ ನಾನು ಅಬುಧಾಬಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಬರುವ ತಿಂಗಳು ನಾವೆಲ್ಲರೂ ಸಲಾಲಾದ ಬೆಟ್ಟಕ್ಕೆ ಪ್ರವಾಸ ಹೊರಟಿದ್ದೇವೆ. ಮೊನ್ನೆ ಮಗಳು ಕಾರು ನಿಲ್ಲಿಸಲು ಹೋದಾಗ ಒಬ್ಬಳೇ ಔಷಧಿ ಅಂಗಡಿಗೆ ನುಗ್ಗಿ, ಮೊಣಕಾಲಿಗೆ ಹಾಕುವ ಪಟ್ಟಿ ಕೇಳಿದೆ. "ನನಗಲ್ಲ, ಪಕ್ಕದ ಮನೆಯವಳಿಗೆ." ಅಂಗಡಿಯವನು ಸೈಜು ಕೇಳಿದ. ಸರಿಯಾಗಿ ನನ್ನಷ್ಟೇ ಇದ್ದಾಳೆ ಎಂದೆ. ಅವನು ನನ್ನ ಕಾಲು ನೋಡಿ ಒಂದು ತೆಗೆದ. ಇರಲಿ ಎಂದು ನಾನು ಒಂದು ಸೈಜು ದೊಡ್ಡದೇ ತಂದೆ.

ಮೊಣಕಾಲಿಗೆ ಹಾಕಿದ್ದು ಈಗ ಪಾದದ ಮೇಲೆ ಕೂತಿದೆ. ನಾಳೆ ಹೋಗಿ, ಪಕ್ಕದ ಮನೆಯವಳು ಸ್ವಲ್ಪ ಸೊರಗಿದ್ದಾಳೆ ಎಂದು ಹೇಳಿ ಬದಲಾಯಿಸಬೇಕು.